ಕಂಠೀರವದ ನೀಲಿ ಗ್ಯಾಲರಿಯ ಹನ್ನೆರಡು ವರ್ಷ

ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳ ವಾದದ ವಿಷಯ ಕಳೆದ ಹನ್ನೆರಡು ವರ್ಷಗಳಲ್ಲಿ ಮೂರು ಸಲ ಬದಲಾಗಿದೆ. ಮೊದಮೊದಲು ಬೆಂಗಳೂರು ಎಫ್‌ಸಿ, ಅಂದರೆ ಬಿಎಫ್‌ಸಿ, ಲೀಗ್ ಗೆಲ್ಲುವುದು ಎಷ್ಟು ಪಾಯಿಂಟ್ ಅಂತರದಲ್ಲಿ ಎಂಬುದೇ ಮಾತಾಗಿತ್ತು. ಆಮೇಲೆ ತಂಡ ಪ್ಲೇಆಫ್ ತಲುಪೀತೇ, ಯಾರು ಸೋತರೆ ನಮಗೆ ದಾರಿ ತೆರೆದೀತು ಎಂಬ ಲೆಕ್ಕ ಶುರುವಾಯಿತು. ಕೊನೆಗೆ 2025ರಲ್ಲಿ ಲೀಗ್ ಎಂಬುದೇ ಉಳಿದೀತೇ ಎಂದು ಕೇಳಿಕೊಳ್ಳುವ ಕಾಲವೂ ಬಂತು. ಈ ಮೂರು ಪ್ರಶ್ನೆಗಳ ನಡುವೆ ಒಂದು ತಲೆಮಾರಿನ ಹುಡುಗರು ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ, ಈಗ ತಮ್ಮ ಮಕ್ಕಳ ಕೈ ಹಿಡಿದು ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಅವರು ಕಂಡದ್ದೇನು, ಅವರಿಗೆ ದಕ್ಕಿದ್ದೇನು, ಕೈ ತಪ್ಪಿದ್ದೇನು ಎಂದು ಒಮ್ಮೆ ನಿಂತು ಹಿಂದಿರುಗಿ ನೋಡಲು ಇದು ತಕ್ಕ ಹೊತ್ತು.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬಿಎಫ್‌ಸಿಯ ಜೊತೆಗಲ್ಲ. ಹಳಬರು ಈ ಮಾತನ್ನು ಕೊಂಚ ನೋವಿನಿಂದಲೇ ಹೇಳುತ್ತಾರೆ. 1937 ಮತ್ತು 1938ರಲ್ಲಿ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದು ಬ್ರಿಟಿಷ್ ಪಲ್ಟನ್‌ಗಳ ಕೋಟೆಯನ್ನು ಮುರಿದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ನಮ್ಮವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತ್ತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಓಣಿಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರಿಗೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಕೆಲಸ ಕೊಟ್ಟು ಸಾಕಿದವು. ಆ ಕಾರ್ಖಾನೆಗಳ ನೇಮಕಾತಿ ನಿಂತ ಮೇಲೆ ಆಟ ಬಡವಾಯಿತು. ಎಚ್‌ಎಎಲ್ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ವರೆಗೆ ಹೋಗಿ ಅಲ್ಲಿ ನಿಲ್ಲಲಾರದೆ ಕೆಳಗಿಳಿದದ್ದು ಆ ಕಾಲದ ಕೊನೆಯ ಅಧ್ಯಾಯ. 2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರಿನ ಹೆಸರಿನಲ್ಲಿ ಹೊಸ ಕ್ಲಬ್ ಕಟ್ಟುತ್ತೇವೆಂದಾಗ ಅನುಮಾನಪಟ್ಟವರು ಕಡಿಮೆಯೇನಲ್ಲ. ಕಂಪನಿಯ ತಂಡಕ್ಕೆ ಊರಿನ ಜನ ಬರುತ್ತಾರೆಯೇ ಎಂದು ಅವರು ಕೇಳಿದ್ದರು.

ಜನ ಬಂದರು. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧದ ಮೊದಲ ಪಂದ್ಯ 1-1ರಲ್ಲಿ ಮುಗಿಯಿತು. ಸ್ಕೋರಿಗಿಂತ ಹೆಚ್ಚಾಗಿ ಅಂದಿನ ಸಿಮೆಂಟು ಮೆಟ್ಟಿಲುಗಳು ನೆನಪಿನಲ್ಲಿವೆ. ಆ ಗ್ಯಾಲರಿಯ ಒಂದು ಮೂಲೆಯಲ್ಲಿ ಎದ್ದುನಿಂತು ಹಾಡುವ ಹುಡುಗ ಹುಡುಗಿಯರ ಗುಂಪು ಮುಂದೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಾಯಿತು. ತೊಂಬತ್ತು ನಿಮಿಷವೂ ಕೂರಬಾರದು, ತಂಡ ಸೋಲುತ್ತಿದ್ದರೂ ಹಾಡು ನಿಲ್ಲಿಸಬಾರದು ಎಂಬುದು ಅವರ ಕಟ್ಟಳೆ. ಎರಡು ತಂಡಕ್ಕೂ ಮರ್ಯಾದೆಯಿಂದ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದ ಊರು ಒಂದು ಪಕ್ಷ ಹಿಡಿದು ಗಂಟಲು ಹರಿದುಕೊಳ್ಳುವುದನ್ನು ಕಲಿತದ್ದು ಆಗ. ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೋಚ್ ತಂಡವನ್ನು ಕಸರತ್ತಿನಿಂದ, ಶಿಸ್ತಿನಿಂದ ಹುರಿಗೊಳಿಸಿದರು. ಮುಂದೆ ಸುನಿಲ್ ಚೆಟ್ರಿ, ಹಿಂದೆ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ. 24 ಪಂದ್ಯಗಳಿಂದ 47 ಪಾಯಿಂಟ್ ಕಲೆಹಾಕಿ, ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ, ಹುಟ್ಟಿದ ಮೊದಲ ಋತುವಿನಲ್ಲೇ ಬಿಎಫ್‌ಸಿ ದೇಶದ ಚಾಂಪಿಯನ್ ಆಯಿತು.

ಆ ದಿನಗಳಲ್ಲಿ ಪ್ಲೇಆಫ್ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಐ-ಲೀಗ್‌ನಲ್ಲಿ ಪಟ್ಟಿಯೇ ಪ್ರಮಾಣ. ಋತುವಿಡೀ ಯಾರು ಹೆಚ್ಚು ಪಾಯಿಂಟ್ ಗಳಿಸಿದರೋ ಅವರಿಗೆ ಕಪ್. ಅದು ಎಷ್ಟು ನಿಷ್ಠುರ ವ್ಯವಸ್ಥೆ ಎಂಬುದನ್ನೂ ನಾವು ಕಂಡೆವು. 2015ರ ಮೇ 31ರಂದು, ತಂಡ ಕಂಠೀರವಕ್ಕೆ ಬಂದ ಮೊದಲ ವರ್ಷ, ಲೀಗ್‌ನ ಕೊನೆಯ ಪಂದ್ಯದಲ್ಲಿ ಮೋಹನ್ ಬಾಗಾನ್ ಎದುರು ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ಜಾನ್ಸನ್ ತಲೆಯಿಂದ ಹೊಡೆದ ಗೋಲು ವಿರಾಮಕ್ಕೆ ಮೊದಲೇ ಮುನ್ನಡೆ ತಂದಿತ್ತು. ಅದನ್ನು ಕಾಪಾಡಿಕೊಂಡು ಬಂದೆವು. ಇನ್ನು ನಾಲ್ಕೈದು ನಿಮಿಷ ಉಳಿದಿರುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಬಾಗಾನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಕೋಲ್ಕತ್ತದ ಕ್ಲಬ್ ನಮ್ಮ ಅಂಗಳದಲ್ಲಿ ಕಪ್ ಎತ್ತಿತು. ಆ ರಾತ್ರಿ ಕಸ್ತೂರಬಾ ರಸ್ತೆಯ ಕಡೆ ನಡೆದು ಹೋದ ನೀಲಿ ಅಂಗಿಗಳಿಗೆ ಮಾತು ಬೇಡವಾಗಿತ್ತು. ಆದರೆ ತೀರ್ಪಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಪಟ್ಟಿ ಹೇಳಿದ್ದು ಸತ್ಯ ಎಂದು ಒಪ್ಪಿಕೊಂಡೆವು. ಮರುವರ್ಷವೇ, 2016ರ ಏಪ್ರಿಲ್‌ನಲ್ಲಿ, ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಸೋಲಿಸಿ ಕಪ್ ಮತ್ತೆ ತಂದದ್ದೂ ಅದೇ ಪಟ್ಟಿಯ ಬಲದಿಂದ.

2016ರ ಹೊತ್ತಿಗೆ ನಮ್ಮ ಆಸೆ ದೇಶದ ಗಡಿ ದಾಟಿತ್ತು. ಕೋಚ್ ಆಲ್ಬರ್ಟ್ ರೋಕಾ ಬಂದ ಕೆಲವೇ ತಿಂಗಳಲ್ಲಿ ತಂಡ ಎಎಫ್‌ಸಿ ಕಪ್‌ನ ಸೆಮಿಫೈನಲ್ ತಲುಪಿತು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ. ಅಕ್ಟೋಬರ್ 19ರ ಸಂಜೆ ಕಂಠೀರವದಲ್ಲಿ ಮೊದಲ ಗೋಲು ಅವರದೇ. ಚೆಟ್ರಿ ತಲೆಯಿಂದ ಒಂದನ್ನು ಮರಳಿಸಿದರು. ಎರಡನೇ ಅವಧಿಯಲ್ಲಿ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ಅವರು ಹೊಡೆದ ಚೆಂಡು ಬಲೆ ಸೇರಿದ್ದನ್ನು ಅಂದು ಅಲ್ಲಿದ್ದವರು ಇಂದಿಗೂ ಕೈಯಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಹುವಾನನ್ ಮೂರನೆಯದನ್ನು ಸೇರಿಸಿದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬೆಂಗಳೂರಿಗೆ ಬಂತು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು ಒಂದೇ ಗೋಲಿನ ಸೋಲು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಕಾರಣ ಆಡುವಂತಿರಲಿಲ್ಲ. ಅವರಿದ್ದಿದ್ದರೆ ಏನಾಗುತ್ತಿತ್ತು ಎಂಬ ವಾದ ಹಳಬರ ನಡುವೆ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಈ ಕ್ಲಬ್ಬಿನ ಉತ್ತುಂಗ ಆ ಅಕ್ಟೋಬರ್ ಸಂಜೆಯೇ. ಆಮೇಲೆ ಬಂದ ಕಪ್‌ಗಳು ಅದಕ್ಕೆ ಸಾಟಿಯಲ್ಲ.

2017ರಲ್ಲಿ ಬಿಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಸೇರಿತು. ಹೊಸ ಲೀಗ್‌ನಲ್ಲಿ ಹಣವಿತ್ತು, ಟಿವಿಯ ಬೆಳಕಿತ್ತು, ಬೇರೊಂದು ನಿಯಮವೂ ಇತ್ತು. ಇಲ್ಲಿ ಪಟ್ಟಿ ಅಂತಿಮವಲ್ಲ. ಮೊದಲ ನಾಲ್ಕು ಸ್ಥಾನದವರು ಪ್ಲೇಆಫ್ ಆಡಬೇಕು, ಅಲ್ಲಿ ಗೆದ್ದವರೇ ಚಾಂಪಿಯನ್. ಮೊದಲ ಋತುವಿನಲ್ಲಿ 18 ಪಂದ್ಯಗಳಿಂದ 40 ಪಾಯಿಂಟ್ ಪಡೆದು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಪಾಯಿಂಟ್ ಮುಂದಿದ್ದೆವು. ಮಿಕು ಮತ್ತು ಚೆಟ್ರಿ ಜೋಡಿಯನ್ನು ತಡೆಯುವವರಿರಲಿಲ್ಲ. 2018ರ ಮಾರ್ಚ್ 17ರ ಫೈನಲ್ ಕಂಠೀರವದಲ್ಲೇ. ಒಂಬತ್ತನೇ ನಿಮಿಷದಲ್ಲಿ ಚೆಟ್ರಿ ಗೋಲು ಹೊಡೆದಾಗ ಹಬ್ಬ ಶುರುವಾಗಿತ್ತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆ ಕೊಟ್ಟರು. ಚೆನ್ನೈಯಿನ್ 3-2ರಿಂದ ಗೆದ್ದಿತು. ಐ-ಲೀಗ್‌ನ ಕಣ್ಣಿಂದ ನೋಡಿದರೆ ಆ ವರ್ಷ ನಾವು ವಾರಗಟ್ಟಲೆ ಮೊದಲೇ ಚಾಂಪಿಯನ್. ಹೊಸ ನಿಯಮದಲ್ಲಿ ರನ್ನರ್ ಅಪ್. ಮರುವರ್ಷ ಕೋಚ್ ಕಾರ್ಲೆಸ್ ಕ್ವಾದ್ರತ್ ಕೈಯಲ್ಲಿ ತಂಡ ಮತ್ತೆ ಪಟ್ಟಿಯ ತುದಿಯಲ್ಲಿತ್ತು. ಸೆಮಿಫೈನಲ್‌ನ ಮೊದಲ ಪಂದ್ಯವನ್ನು ನಾರ್ತ್‌ಈಸ್ಟ್‌ಗೆ ಸೋತು ಎರಡನೆಯದನ್ನು 3-0ಯಿಂದ ಗೆದ್ದೆವು. ಮುಂಬೈಯ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷವಿದ್ದಾಗ ದಿಮಾಸ್ ದೆಲ್ಗಾದೊ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಹಿಂದಿನ ವರ್ಷ ನಮ್ಮನ್ನು ಕೆಡವಿದ್ದು ಕಾರ್ನರ್, ಈ ವರ್ಷ ಗೆಲ್ಲಿಸಿದ್ದೂ ಕಾರ್ನರ್. ಪಟ್ಟಿಯಲ್ಲಿ ಮೊದಲಿದ್ದ ತಂಡ ಐಎಸ್‌ಎಲ್ ಕಪ್ ಗೆದ್ದದ್ದು ಅದೇ ಮೊದಲು.

ಇಲ್ಲೊಂದು ಸಂಗತಿಯನ್ನು ದಾಖಲಿಸಲೇಬೇಕು. ಪಟ್ಟಿಯ ಮೊದಲ ಸ್ಥಾನಕ್ಕೆ ಶೀಲ್ಡ್ ಕೊಡುವ ಪದ್ಧತಿ ಐಎಸ್‌ಎಲ್‌ನಲ್ಲಿ ಶುರುವಾದದ್ದು 2019-20ರಲ್ಲಿ. ಅದಕ್ಕೆ ಮೊದಲಿನ ಎರಡು ವರ್ಷ ತುದಿಯಲ್ಲಿದ್ದದ್ದು ಬೆಂಗಳೂರು. ಹೀಗಾಗಿ ಬಿಎಫ್‌ಸಿಯ ಕಪಾಟಿನಲ್ಲಿ ಒಂದೂ ಲೀಗ್ ಶೀಲ್ಡ್ ಇಲ್ಲ. ಶೀಲ್ಡ್ ಬಂದ ಮೇಲೆ ತಂಡ ತುದಿಗೆ ಹೋಗಲಿಲ್ಲ. ಇತ್ತೀಚೆಗೆ ಗ್ಯಾಲರಿಗೆ ಬಂದ ಹುಡುಗರು ನಮ್ಮದು ಕಪ್‌ನ ತಂಡ, ಲೀಗ್‌ನ ತಂಡವಲ್ಲ ಎಂದು ವಾದಿಸುವಾಗ ಹಳಬರ ಮುಖ ಕೆಂಪಾಗುವುದು ಈ ಕಾರಣಕ್ಕೆ.

2020ರ ಮಾರ್ಚ್ 1ರಂದು ಎಟಿಕೆ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಡೆಶಾನ್ ಬ್ರೌನ್ ಗೋಲಿನಿಂದ ಗೆದ್ದು ಮನೆಗೆ ಹೋದ ಜನಕ್ಕೆ, ಮುಂದಿನ ಐಎಸ್‌ಎಲ್ ಪಂದ್ಯವನ್ನು ಕಂಠೀರವದಲ್ಲಿ ನೋಡಲು 2022ರ ಅಕ್ಟೋಬರ್‌ವರೆಗೆ ಕಾಯಬೇಕಾದೀತೆಂದು ಗೊತ್ತಿರಲಿಲ್ಲ. ಕೋಲ್ಕತ್ತದಲ್ಲಿ 3-1ರಿಂದ ಸೋತೆವು, ಅದರ ಹಿಂದೆಯೇ ಕೊರೊನಾ ಬಂತು. ಎರಡು ಋತುಗಳು ಗೋವಾದ ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ಸದ್ದಿಲ್ಲದ ಆ ಪಂದ್ಯಗಳನ್ನು ಟಿವಿಯಲ್ಲಿ ನೋಡುವಾಗ ಕೋಚ್ ಕೂಗುವುದು, ಚೆಂಡು ಬೂಟಿಗೆ ತಾಗುವುದು ಎಲ್ಲ ಕೇಳುತ್ತಿತ್ತು, ನಮ್ಮ ದನಿಯೊಂದನ್ನು ಬಿಟ್ಟು. ತಂಡವೂ ಕುಸಿಯಿತು. 2021ರ ಜನವರಿಯಲ್ಲಿ ಕ್ವಾದ್ರತ್ ಹೊರನಡೆದರು. ಆ ವರ್ಷ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ. ಬಿಎಫ್‌ಸಿ ಮೊದಲ ಸಲ ಪ್ಲೇಆಫ್‌ನ ಹೊರಗುಳಿಯಿತು, ಅದರ ಬೆನ್ನಿಗೇ ಎರಡನೇ ಸಲವೂ. ಕಪ್ ಎಣಿಸುತ್ತಿದ್ದವರು ಮೊದಲ ಬಾರಿಗೆ ಕಾಗದ ಪೆನ್ಸಿಲ್ ಹಿಡಿದರು. ಅವರು ಡ್ರಾ ಮಾಡಿಕೊಂಡು, ಇವರು ಸೋತು, ನಾವು ಉಳಿದ ಮೂರನ್ನೂ ಗೆದ್ದರೆ ಎಂಬ ಲೆಕ್ಕಗಳು ಆಗ ಹುಟ್ಟಿದವು.

ಆಟಗಾರರ ಬಗೆಗಿನ ಕಟುವಾದ ವಾದಗಳೂ ಆ ಕಾಲದವೇ. ಉದಾಂತ ಸಿಂಗ್ ಅವರದು ಅದರಲ್ಲಿ ಬಹಳ ದಿನ ನಡೆದ ಮೊಕದ್ದಮೆ. 2014ರಲ್ಲಿ ಹದಿಹರೆಯದ ಹುಡುಗನಾಗಿ ಬಂದು, ಬಲಗಡೆಯ ಗೆರೆಗುಂಟ ಓಡಿದರೆ ಹಿಡಿಯುವವರಿಲ್ಲ ಎನಿಸಿಕೊಂಡವರು ಅವರು. ಓಟಕ್ಕೆ ತಕ್ಕ ಕೊನೆಯ ಪಾಸ್ ಇಲ್ಲ, ಗೋಲಿನೆದುರು ತಣ್ಣಗಿರುವುದಿಲ್ಲ ಎಂದು ಒಂದು ಪಕ್ಷ. ಅವರು ಓಡಿದ್ದರಿಂದಲೇ ಚೆಟ್ರಿಗೆ ಜಾಗ ಸಿಕ್ಕಿತು ಎಂದು ಇನ್ನೊಂದು ಪಕ್ಷ. ಎರಡೂ ನಿಜ. 2023ರಲ್ಲಿ ಅವರು ಗೋವಾಕ್ಕೆ ಹೋದಾಗ ತೀರ ಬೈದವರೇ ಹೆಚ್ಚು ಬೇಜಾರುಪಟ್ಟದ್ದನ್ನು ನಾನು ಬಲ್ಲೆ. ಗುರುಪ್ರೀತ್ ಸಿಂಗ್ ಸಂಧು ಅವರದು ಬೇರೆ ತೆರನ ಕಥೆ. ನಾರ್ವೆಯಿಂದ 2017ರಲ್ಲಿ ಬಂದು ಐಎಸ್‌ಎಲ್‌ನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯನ್ನು ಎರಡು ವರ್ಷ ಸತತವಾಗಿ ಪಡೆದವರು, ಆಮೇಲಿನ ವರ್ಷಗಳಲ್ಲಿ ಒಂದೊಂದು ತಪ್ಪಿಗೂ ಲೆಕ್ಕ ಕೊಡಬೇಕಾಯಿತು. ಗೋಲ್‌ಕೀಪರ್ ಉಳಿಸಿದ ಹತ್ತನ್ನು ಮರೆತು ಬಿಟ್ಟ ಒಂದನ್ನೇ ನೆನೆಯುವುದು ಗ್ಯಾಲರಿಯ ಹಳೆಯ ಅನ್ಯಾಯ. ನಾವೂ ಆ ಅನ್ಯಾಯ ಮಾಡಿದೆವು.

2022-23ರಿಂದ ಲೀಗ್ ತನ್ನ ಬಾಗಿಲನ್ನು ಅಗಲಿಸಿತು. ನಾಲ್ಕರ ಬದಲು ಆರು ತಂಡಗಳಿಗೆ ಪ್ಲೇಆಫ್. ಹನ್ನೊಂದೋ ಹನ್ನೆರಡೋ ತಂಡಗಳ ಲೀಗ್‌ನಲ್ಲಿ ಅರ್ಧದಷ್ಟು ತಂಡಗಳಿಗೆ ಕಪ್‌ನ ಆಸೆ ಉಳಿಸುವ ನಿಯಮ ಇದು. ಒಳ್ಳೆಯದೇ ಆಯಿತು ಎಂದವರಿದ್ದಾರೆ. ಫೆಬ್ರವರಿಯವರೆಗೂ ಪ್ರತಿ ಪಂದ್ಯಕ್ಕೆ ಅರ್ಥವಿರುತ್ತದೆ, ಗ್ಯಾಲರಿ ತುಂಬುತ್ತದೆ ಎಂಬುದು ಅವರ ಮಾತು. ಅದರ ಫಲ ಮೊದಲು ಉಂಡವರೂ ನಾವೇ. ಕೋಚ್ ಸೈಮನ್ ಗ್ರೇಸನ್ ಅವರ ತಂಡ ಡ್ಯುರಾಂಡ್ ಕಪ್ ಗೆದ್ದು ಲೀಗ್‌ಗೆ ಬಂದು, ವರ್ಷಾಂತ್ಯಕ್ಕೆ ಪಟ್ಟಿಯ ಕೆಳತುದಿಯ ಹತ್ತಿರ ಬಿದ್ದಿತ್ತು. ಆಮೇಲೆ ಸತತ ಎಂಟು ಗೆಲುವು. ಶಿವಶಕ್ತಿ ನಾರಾಯಣನ್ ಎಂಬ ಹೊಸ ಹುಡುಗ, ರಾಯ್ ಕೃಷ್ಣ ಎಂಬ ಹಳೆಯ ಕೈ ಮುಂದೆ ಆಡುತ್ತಿದ್ದರು. ಚೆಟ್ರಿ ಬೆಂಚಿನಲ್ಲಿ ಕೂತು ದ್ವಿತೀಯಾರ್ಧದಲ್ಲಿ ಇಳಿಯುತ್ತಿದ್ದರು. ನಾಯಕನನ್ನು ಹೊರಗೆ ಕೂರಿಸುವುದು ಸರಿಯೇ ಎಂಬ ವಾದ ಆ ಚಳಿಗಾಲದಲ್ಲಿ ಮನೆಮನೆಯಲ್ಲೂ ನಡೆಯಿತು. 38 ದಾಟಿದವನಿಗೆ 90 ನಿಮಿಷದ ಹೊರೆ ಬೇಡ ಎಂದವರದು ಲೆಕ್ಕದ ಮಾತು. ಅವನಿಲ್ಲದ ಹನ್ನೊಂದನ್ನು ಬಿಎಫ್‌ಸಿ ಎಂದು ಹೇಗೆ ಕರೆಯಲಿ ಎಂದವರದು ಹೃದಯದ ಮಾತು.

2023ರ ಮಾರ್ಚ್ 3ರ ರಾತ್ರಿ ಆ ವಾದಕ್ಕೆ ಉತ್ತರ ಕೊಟ್ಟಿತು, ಹೊಸದೊಂದು ವಾದವನ್ನೂ ಹುಟ್ಟಿಸಿತು. ಪ್ಲೇಆಫ್ ಪಂದ್ಯ, ಎದುರಿಗೆ ಕೇರಳ ಬ್ಲಾಸ್ಟರ್ಸ್. ಈ ಊರಿನ ಮಲಯಾಳಿ ಮಕ್ಕಳೆಲ್ಲ ಹಳದಿ ಅಂಗಿ ತೊಟ್ಟು ಬಂದಿದ್ದರು, ಕಂಠೀರವದ ಅರ್ಧ ನೀಲಿ, ಅರ್ಧ ಹಳದಿ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಪೆನಾಲ್ಟಿ ಪೆಟ್ಟಿಗೆಯ ಹೊರಗೆ ನಮಗೊಂದು ಫ್ರೀಕಿಕ್. ಕೇರಳದ ಆಟಗಾರರು ಗೋಡೆ ಕಟ್ಟಲು ಇನ್ನೂ ಹೊಂದಿಕೊಳ್ಳುತ್ತಿದ್ದರು, ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಲಿನ ಗೆರೆಯಿಂದ ಮುಂದೆ ಬಂದು ಅವರಿಗೆ ಜಾಗ ತೋರಿಸುತ್ತಿದ್ದರು. ಚೆಟ್ರಿ ತಡಮಾಡದೆ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಹಿಂತಿರುಗಲಿಲ್ಲ, ಪಂದ್ಯ ಬೆಂಗಳೂರಿಗೆ ಸಂದಿತು. ನಿಯಮದ ಪ್ರಕಾರ ಸರಿಯೇ, ಆಟದ ಮರ್ಯಾದೆಗೆ ತಕ್ಕುದೇ ಎಂದು ಇಂದಿಗೂ ಒಂದೇ ಆಫೀಸಿನ ಎರಡು ಮೇಜುಗಳ ನಡುವೆ ಜಗಳ ಹೊತ್ತುತ್ತದೆ. ಎದುರಾಳಿ ಸಿದ್ಧವಾಗುವ ಮೊದಲೇ ಹೊಡೆಯುವುದು ಫುಟ್‌ಬಾಲ್‌ನ ಹಳೆಯ ಜಾಣತನ, ಅದು ತಪ್ಪಲ್ಲ ಎಂಬುದು ನನ್ನ ನಿಲುವು. ಪಂದ್ಯವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದು ತಪ್ಪು.

ಆ ಜಗಳದ ಗದ್ದಲದಲ್ಲಿ ಇನ್ನೊಂದು ಸುದ್ದಿ ಮುಳುಗಿತು. ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಸಿಕ್ಕ ಕಪ್ ಅದು. ನಮ್ಮ ಸ್ಥಳೀಯ ಲೀಗ್‌ಗಳಲ್ಲಿ, ಅಶೋಕನಗರದ ಕೃತಕ ಹುಲ್ಲಿನ ಮೇಲೆ, ಬೆರಳೆಣಿಕೆಯ ಪ್ರೇಕ್ಷಕರ ಮುಂದೆ ಆಡಿ ಬೆಳೆದ ಹುಡುಗರು ತಂದ ಕಪ್. ಊರೆಲ್ಲ ಚೆಟ್ರಿಯ ಫ್ರೀಕಿಕ್ ಬಗ್ಗೆ ಮಾತಾಡುತ್ತಿತ್ತು. ಈ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹನ್ನೆರಡು ವರ್ಷದ ಲಾಭವೂ ನಷ್ಟವೂ ಒಟ್ಟಿಗೇ ಕಾಣುತ್ತವೆ. ಫುಟ್‌ಬಾಲ್‌ಗಾಗಿ ರಾತ್ರಿ ನಿದ್ದೆಗೆಡುವ ಊರು ನಮಗೆ ದಕ್ಕಿತು. ಆ ಊರಿನ ಕಣ್ಣಿಗೆ ತನ್ನದೇ ಓಣಿಯ ಹುಡುಗರು ಬೀಳದೆ ಹೋದರು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಆ ವರ್ಷ ಮುಂಬೈಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ದಾಟಿ ಫೈನಲ್ ತಲುಪಿ, ಎಟಿಕೆ ಮೋಹನ್ ಬಾಗಾನ್‌ಗೆ ಶೂಟೌಟ್‌ನಲ್ಲೇ ಸೋತೆವು. ಒಂದು ತಿಂಗಳ ನಂತರ ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾಗೆ ಸೋತೆವು. 2023-24ರಲ್ಲಿ ಗ್ರೇಸನ್ ಅರ್ಧದಲ್ಲೇ ಹೋದರು, ಅವರ ಜಾಗಕ್ಕೆ ಜೆರಾರ್ಡ್ ಜರಗೋಜಾ ಬಂದರು, 22 ಪಂದ್ಯಗಳಿಂದ 22 ಪಾಯಿಂಟ್, ಹತ್ತನೇ ಸ್ಥಾನ. ಆರು ತಂಡಗಳ ಬಾಗಿಲೂ ನಮಗೆ ಚಿಕ್ಕದಾಯಿತು. ಚೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ ಕ್ಲಬ್ಬಿನ ಕಾಲವೂ ಮುಗಿಯಿತೇನೋ ಎಂದುಕೊಂಡೆವು.

ಮುಗಿದಿರಲಿಲ್ಲ. 2024-25ರ ಋತು ಈ ಕ್ಲಬ್ ತನ್ನ ಜನಕ್ಕೆ ಮರಳಿಸಿದ ಸಾಲ. ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ 19ರ ಹರೆಯದ ವಿನೀತ್ ವೆಂಕಟೇಶ್ ಹೊಡೆದ ಏಕೈಕ ಗೋಲು ಗೆಲುವು ತಂದಿತು. ಡಿಸೆಂಬರ್ 7ರಂದು ಬ್ಲಾಸ್ಟರ್ಸ್ ವಿರುದ್ಧ 40 ವರ್ಷದ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಆ ಲೀಗ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು, ಅವರದೇ. ಇದು ಹೆಮ್ಮೆಯೋ ಆತಂಕವೋ ಎಂಬ ವಾದ ಆ ವರ್ಷದ್ದು. 40 ದಾಟಿದ ಒಬ್ಬರನ್ನು ಹಿಂದಿಕ್ಕುವ ಸ್ಟ್ರೈಕರ್ ದೇಶದಲ್ಲಿಲ್ಲ ಎಂಬುದು ಅವರ ಹಿರಿಮೆಗೆ ಸಾಕ್ಷಿ, ನಮ್ಮ ವ್ಯವಸ್ಥೆಯ ಬಡತನಕ್ಕೂ ಸಾಕ್ಷಿ. 24 ಪಂದ್ಯಗಳಿಂದ 38 ಪಾಯಿಂಟ್ ಗಳಿಸಿ ಮೂರನೇ ಸ್ಥಾನ ಪಡೆದೆವು. ಪ್ಲೇಆಫ್‌ನಲ್ಲಿ ಮುಂಬೈ ವಿರುದ್ಧ 5-0. ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಮೊದಲಿನ ಎರಡು ಗೋಲಿನ ಮುನ್ನಡೆ ಕರಗಿ ಹೋಗಿ, ಹೆಚ್ಚುವರಿ ಸಮಯ ಖಚಿತ ಎನ್ನುವಾಗ 92ನೇ ನಿಮಿಷದಲ್ಲಿ ಬೆಂಚಿನಿಂದ ಬಂದ ಚೆಟ್ರಿ ತಲೆಯಿಂದ ಚೆಂಡು ಬಲೆಗೆ ಇಳಿಯಿತು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಮತ್ತೆ ಅಡ್ಡ ಬಂತು. ಸಾಲ್ಟ್ ಲೇಕ್‌ನಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಒಂದು ಮಾತನ್ನು ನಮ್ಮವರು ಸುಲಭವಾಗಿ ಒಪ್ಪುವುದಿಲ್ಲ. ಆ ವರ್ಷ ಮೋಹನ್ ಬಾಗಾನ್ ಪಟ್ಟಿಯಲ್ಲಿ 56 ಪಾಯಿಂಟ್ ಗಳಿಸಿತ್ತು, ನಮಗಿಂತ 18 ಹೆಚ್ಚು. 2018ರಲ್ಲಿ ಪಟ್ಟಿಯ ನ್ಯಾಯ ಬೇಕೆಂದು ಕೂಗಿದವರು 2025ರಲ್ಲಿ ಪ್ಲೇಆಫ್‌ನ ಅದೃಷ್ಟ ನಂಬಿ ಕೂತಿದ್ದೆವು. ಕಪ್ ಸಲ್ಲಬೇಕಾದವರಿಗೇ ಸಂದಿತು.

ಕೊಟ್ಟ ಮಾತುಗಳ ಲೆಕ್ಕ ಇನ್ನೂ ಬಾಕಿಯಿದೆ. ವೃತ್ತಿಪರವಾಗಿ ನಡೆಸುತ್ತೇವೆ, ಕಿರಿಯರನ್ನು ಬೆಳೆಸುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದರು. ಬಹುಪಾಲು ನಡೆಸಿಕೊಟ್ಟರು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ತೆರೆದ ಕ್ರೀಡಾಸಂಸ್ಥೆಯಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ನಡೆಯಿತು. ಸುರೇಶ್ ಸಿಂಗ್, ರೋಶನ್ ಸಿಂಗ್, ಶಿವಶಕ್ತಿ ಇಲ್ಲಿ ಆಡಿ ಹೆಸರು ಮಾಡಿದರು. ಆದರೆ ಅವರು ಮಣಿಪುರದವರು, ತಮಿಳುನಾಡಿನವರು. ಆಸ್ಟಿನ್ ಟೌನಿನ ಹುಡುಗ ಬಿಎಫ್‌ಸಿಯ ಮೊದಲ ಹನ್ನೊಂದರಲ್ಲಿ ವರ್ಷಗಟ್ಟಲೆ ನೆಲೆ ನಿಂತ ಉದಾಹರಣೆ ಹುಡುಕಬೇಕು. ಎಲ್ಲಿಂದ ಬಂದರೂ ನೀಲಿ ಅಂಗಿ ತೊಟ್ಟವರು ನಮ್ಮವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಮನ್ ಮತ್ತು ಅಹ್ಮದ್ ಖಾನ್ ಹುಟ್ಟಿದ ಊರಿನಲ್ಲಿ ಈ ಕೊರತೆ ನೋಯಿಸುತ್ತದೆ. ಇದು ಕ್ಲಬ್ಬಿನ ತಪ್ಪು ಮಾತ್ರವೂ ಅಲ್ಲ. ಊರಿನಲ್ಲಿ ಆಟದ ಬಯಲುಗಳು ಕರಗಿದವು, ಉಳಿದವುಗಳಲ್ಲಿ ಗಂಟೆಗೆ ಬಾಡಿಗೆ ಕೊಟ್ಟು ಆಡುವ ಬಲೆಯೊಳಗಿನ ಟರ್ಫ್‌ಗಳು ಬಂದವು. ದುಡ್ಡಿಲ್ಲದ ಹುಡುಗನಿಗೆ ಅಲ್ಲಿ ಪ್ರವೇಶವಿಲ್ಲ. ಸ್ವಂತ ಕ್ರೀಡಾಂಗಣವೂ ಆಗಲಿಲ್ಲ. ಕಂಠೀರವ ಸರ್ಕಾರದ್ದು, ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಅದನ್ನು ನಂಬಿದ ಅಥ್ಲೀಟುಗಳಿಗೂ ತಕ್ಕ ಹಕ್ಕಿದೆ. ಬಳಕೆಯ ತಕರಾರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಒಂದು ಕೋಟಿ ದಾಟಿದ ಜನರ ನಗರಕ್ಕೆ ಫುಟ್‌ಬಾಲ್‌ಗೆಂದೇ ದೊಡ್ಡದೊಂದು ಕ್ರೀಡಾಂಗಣ ಇಲ್ಲದಿರುವುದು ಕ್ಲಬ್, ಸಂಘ, ಸರ್ಕಾರ ಮೂರೂ ಕೂಡಿ ಉಳಿಸಿಕೊಂಡ ಬಾಕಿ.

2025ರ ಜುಲೈಯಲ್ಲಿ ಲೀಗ್ ನಡೆಸುತ್ತಿದ್ದ ಕಂಪನಿ ಮತ್ತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದದ ಮುಂದುವರಿಕೆ ಇತ್ಯರ್ಥವಾಗದೆ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ದೇಶದಲ್ಲೇ ಅಚ್ಚುಕಟ್ಟಾಗಿ ನಡೆಯುವ ಕ್ಲಬ್ ಎಂದು ನಾವು ಎದೆ ತಟ್ಟಿಕೊಳ್ಳುತ್ತಿದ್ದ ಮನೆಯಲ್ಲೇ ಹೀಗಾಯಿತು. ಉದಾಂತ ಯಾಕೆ, ಗುರುಪ್ರೀತ್ ಯಾಕೆ, ಚೆಟ್ರಿ ಇನ್ನೂ ಯಾಕೆ ಎಂದು ವಾದಿಸುತ್ತಿದ್ದವರಿಗೆ ಆ ತಿಂಗಳುಗಳಲ್ಲಿ ವಾದಿಸಲು ಪಂದ್ಯವೇ ಇರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ತೀರ್ಮಾನ ಹೊರಬಿತ್ತು. ಫೆಬ್ರವರಿ 14ರಿಂದ 14 ತಂಡಗಳು, 91 ಪಂದ್ಯಗಳು. ಪ್ರತಿ ತಂಡ ಇನ್ನೊಂದನ್ನು ಒಮ್ಮೆ ಮಾತ್ರ ಎದುರಿಸುತ್ತದೆ. ಆ 91ರಲ್ಲಿ ಪ್ಲೇಆಫ್‌ಗೆ ಜಾಗವಿಲ್ಲ. ನಾವು 2013ರಲ್ಲಿ ಆರಂಭಿಸಿದ ಕಡೆಗೇ, ಪಟ್ಟಿಯೇ ಪ್ರಮಾಣ ಎನ್ನುವ ಕಡೆಗೆ, ಸುತ್ತಿ ಬಂದಿದ್ದೇವೆ. ಬೇಕೆಂದು ಆರಿಸಿಕೊಂಡ ದಾರಿಯಲ್ಲ, ಸಮಯ ಸಾಲದೆ ಹಿಡಿದ ದಾರಿ. ಆದರೂ ನನಗೆ ಇದರಲ್ಲಿ ದುಃಖವಿಲ್ಲ. ಆರನೇ ಸ್ಥಾನಕ್ಕೆ ತೃಪ್ತಿಪಡುವ ರೂಢಿ ನಮ್ಮ ಅಳತೆಗೋಲನ್ನು ಕುಗ್ಗಿಸಿತ್ತು. ಪಟ್ಟಿಯ ತುದಿಯನ್ನೇ ಗುರಿಯಾಗಿಟ್ಟು ವಾದಿಸಿದರೆ ಆಟಗಾರರ ಮೇಲೂ ಕೋಚ್ ಮೇಲೂ ಆಡಳಿತದ ಮೇಲೂ ನಮ್ಮ ನಿರೀಕ್ಷೆ ತಕ್ಕ ಎತ್ತರಕ್ಕೆ ಏರುತ್ತದೆ.

ಪಶ್ಚಿಮ ಗ್ಯಾಲರಿಯ ಗೆಳೆಯರಲ್ಲಿ ಒಂದು ಕೋರಿಕೆ. ಅಶೋಕನಗರದ ಕ್ರೀಡಾಂಗಣದಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳು ನಡೆಯುತ್ತವೆ. ಕಂಠೀರವದಿಂದ ಅದೇನೂ ದೂರವಲ್ಲ. ಬಿಎಫ್‌ಸಿಯ ಕಿರಿಯರ ತಂಡವೂ ಅಲ್ಲಿ ಆಡುತ್ತದೆ, ಸಂತೋಷ್ ಟ್ರೋಫಿಗೆ ಆಯ್ಕೆಯಾಗುವ ಹುಡುಗರೂ ಅಲ್ಲೇ ಆಡುತ್ತಾರೆ. ಚೆಟ್ರಿಯ ನಂತರ ಯಾರು ಎಂದು ವಾದಿಸುವವರು ವಾರಕ್ಕೊಂದು ಸಂಜೆ ಅಲ್ಲಿಗೆ ಹೋಗಿ, ನೀಲಿ ಅಂಗಿ ತೊಟ್ಟು, ಕಂಠೀರವದಲ್ಲಿ ಕೂಗುವಷ್ಟೇ ಜೋರಾಗಿ ಕೂಗಿ ಬನ್ನಿ.